ನೋಡುವ ಕಣ್ಣಿಗೂ ವ್ರತ

ಕೊಲ್ಲದಿರುವುದು ಅಹಿಂಸೆಯ ಮೊದಲ ಮೆಟ್ಟಿಲು. ಆದರೆ ಪ್ರೀತಿಯಿಂದ ನೋಡಲು ಹೋದವನಿಂದಲೂ ಜೀವಕ್ಕೆ ಬಾಧೆಯಾಗಬಹುದೇ? ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಈ ಪ್ರಶ್ನೆ ಇಂದು ಕಾನೂನಿನ ವಿಷಯವೇ ಆಗಿದೆ.

ಸಿಯಾಟಲ್ ನಗರದ ಸುತ್ತಮುತ್ತ ನೆಲೆಸಿರುವ ಭಾರತೀಯರಲ್ಲಿ ಕನ್ನಡಿಗರೂ ಇದ್ದಾರೆ, ಜೈನರೂ ಇದ್ದಾರೆ. ಬೇಸಿಗೆಯಲ್ಲಿ ಮಕ್ಕಳೊಡನೆ ದೋಣಿಯೇರಿ ತಿಮಿಂಗಿಲಗಳನ್ನು ನೋಡಲು ಹೋಗುವುದು ಆ ಪ್ರದೇಶದ ರೂಢಿ. ಅಲ್ಲಿ ಎಲ್ಲರ ಕಣ್ಣು ಅರಸುವುದು ಓರ್ಕಾವನ್ನು. ಜನರು ತಿಮಿಂಗಿಲವೆಂದು ಕರೆಯುವ ಈ ಜೀವಿ ವಾಸ್ತವವಾಗಿ ಡಾಲ್ಫಿನ್ ಕುಟುಂಬದಲ್ಲೇ ಅತ್ಯಂತ ದೊಡ್ಡದು. ಅದು ಮರಿಗೆ ಹಾಲೂಡಿಸುತ್ತದೆ; ಅಲ್ಲಿ ನೆಲೆಸಿರುವ ಗುಂಪಿನ ಮರಿಗಳು ಬೆಳೆದ ಮೇಲೂ ತಾಯಿಯ ಜೊತೆಯಲ್ಲೇ ಬಾಳುತ್ತವೆ. ಜೈನ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಮನಸ್ಸುಳ್ಳ ಪಂಚೇಂದ್ರಿಯ ಜಲಚರ.

1960 ಮತ್ತು 1970ರ ದಶಕಗಳಲ್ಲಿ ಈ ಗುಂಪಿನ ಅನೇಕ ಮರಿಗಳನ್ನು ಬಲೆಯಿಂದ ಹಿಡಿದು ಪ್ರದರ್ಶನಕ್ಕಾಗಿ ಮಾರಲಾಯಿತು. 2005ರಲ್ಲಿ ಅಮೆರಿಕ ಸರ್ಕಾರವು ಇದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಇಂದು ಉಳಿದಿರುವುವು 80ಕ್ಕೂ ಕಡಿಮೆ. ಇವುಗಳ ಪರವಾಗಿ ದನಿಯೆತ್ತಿದವರಲ್ಲಿ ದೋಣಿಯಿಂದ ನೋಡಿ ಮನಸೋತವರೂ ಇದ್ದಾರೆಂಬುದನ್ನು ಮರೆಯುವಂತಿಲ್ಲ.

ಆದರೂ ದೋಣಿಯ ಸದ್ದು ಇವುಗಳಿಗೆ ಕಂಟಕವಾಗಿದೆ. ಓರ್ಕಾ ಆಹಾರವನ್ನು ಹುಡುಕುವುದು ಮುಖ್ಯವಾಗಿ ಶಬ್ದದಿಂದ. ತಾನು ಹೊರಡಿಸಿದ ದನಿ ಮೀನಿಗೆ ತಾಗಿ ಮರಳುವ ಪ್ರತಿಧ್ವನಿಯೇ ಅದಕ್ಕೆ ದಾರಿ ತೋರುತ್ತದೆ. ಯಂತ್ರದ ಮೊರೆತ ಆ ಪ್ರತಿಧ್ವನಿಯನ್ನು ಮುಚ್ಚಿಬಿಡುತ್ತದೆ. ದೋಣಿಗಳು ಸಮೀಪಿಸಿದಾಗ ಇವು, ಅದರಲ್ಲೂ ಹೆಣ್ಣು ಓರ್ಕಾಗಳು, ಆಹಾರಾನ್ವೇಷಣೆಯನ್ನು ಬಿಟ್ಟುಬಿಡುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನನಿರೋಧ. ಕೊಟ್ಟಿಗೆಯ ಎತ್ತಿಗೆ ಮೇವು ತಪ್ಪಿಸಿದವನಿಗೆ ಕೊನೆಯ ಮಾತು ಸಲ್ಲುವುದು ಸ್ಪಷ್ಟ. ದೋಣಿಯಲ್ಲಿ ಕುಳಿತವನಿಗೆ ಅಂಥ ದುರುದ್ದೇಶವಿಲ್ಲವಲ್ಲ ಎಂದು ಕೇಳಬಹುದು. ಅರಿಯದೆ ಹೋದವನಿಗೆ ಆ ಸಮಾಧಾನವುಂಟು. ಆದರೆ ಅರಿತ ಮೇಲೂ ಕಣ್ಣಿನ ಸುಖಕ್ಕಾಗಿ ಬೆನ್ನಟ್ಟುವುದು ಪ್ರಮಾದ. ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಬೋಧಿಸಿದ್ದಾರೆ. ಓರ್ಕಾ ತಿನ್ನುವುದೂ ಮೀನನ್ನೇ ಅಲ್ಲವೇ ಎಂಬ ಇನ್ನೊಂದು ಆಕ್ಷೇಪವುಂಟು. ನಿಜ, ಆದರೆ ವ್ರತವನ್ನು ಸ್ವೀಕರಿಸಿದವನು ಶ್ರಾವಕ. ಪ್ರಾಣಿಯ ಸ್ವಭಾವವನ್ನು ಮುಂದೊಡ್ಡಿ ಅವನು ತನ್ನ ಹೊಣೆಯನ್ನು ಇಳಿಸಿಕೊಳ್ಳಲಾರ.

ವಾಷಿಂಗ್ಟನ್ ರಾಜ್ಯದಲ್ಲಿ 2025ರ ಜನವರಿಯಿಂದ ದೋಣಿಗಳು ಈ ಗುಂಪಿನಿಂದ 1000 ಗಜ ದೂರವಿರಬೇಕೆಂಬ ನಿಯಮ ಜಾರಿಯಲ್ಲಿದೆ. ಅದೇ ರಾಜ್ಯದ ಸ್ಯಾನ್ ವಾನ್ ದ್ವೀಪದ ಲೈಮ್ ಕಿಲ್ನ್ ಉದ್ಯಾನದಲ್ಲಿ ಜನರು ದಡದ ಬಂಡೆಗಳ ಮೇಲೆ ಕುಳಿತು ಕಾಯುತ್ತಾರೆ. ಓರ್ಕಾಗಳು ತಾವಾಗಿ ಹತ್ತಿರ ಬಂದರೆ ದರ್ಶನ. ಬಾರದ ದಿನ ಬರಿಗೈಯಲ್ಲಿ ಮರಳುವುದು.

ಪ್ರವಾಸ ಏರ್ಪಡಿಸುವ ಕುಟುಂಬಗಳೂ ಬಸದಿಯ ಸಮಿತಿಗಳೂ ಈ ಎರಡು ಬಗೆಯ ನೋಟಗಳ ಅಂತರವನ್ನು ಮಕ್ಕಳಿಗೆ ತಿಳಿಸುವುದು ಉಚಿತ. ನಡೆಯುವಾಗ ನೆಲವನ್ನು ನೋಡಿ ಹೆಜ್ಜೆಯಿಡಲು ಕಲಿಸಿದ ಧರ್ಮವು, ನೋಡುವಾಗಲೂ ಎಷ್ಟು ದೂರ ನಿಲ್ಲಬೇಕೆಂದು ವಿಚಾರಿಸಲು ಕಲಿಸುತ್ತದೆ. ಕಾಣದೆ ಮರಳಿದ ಮಗು ನಿರಾಶೆಗೊಂಡೀತು. ಅದರ ಕಾರಣವನ್ನು ತಿಳಿಸಿದರೆ ಆ ನಿರಾಶೆಯೇ ಅದರ ಮೊದಲ ಸಂಯಮವಾದೀತು.