ಅವಮೌದರ್ಯವೂ ಯಕೃತ್ತಿನ ಮೇದಸ್ಸೂ

ಬಾಹ್ಯ ತಪಗಳು ಆರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅನಶನವನ್ನು ಮೊದಲು ಹೇಳಿ, ಅದರ ಬೆನ್ನಿಗೇ ಅವಮೌದರ್ಯವನ್ನು ಇಟ್ಟಿರುವರು. ಅನಶನವೆಂದರೆ ಉಣ್ಣದಿರುವುದು, ಅವಮೌದರ್ಯವೆಂದರೆ ಹಸಿವು ಇನ್ನೂ ಉಳಿದಿರುವಾಗಲೇ ಕೈ ತೊಳೆದು ಏಳುವುದು. ಶ್ರಾವಕರ ಮನೆಗಳಲ್ಲಿ ಮೊದಲನೆಯದಕ್ಕೆ ಸಲ್ಲುವ ಗೌರವ ಎರಡನೆಯದಕ್ಕೆ ಸಲ್ಲುವುದಿಲ್ಲ. ಎಂಟು ದಿನ ಉಪವಾಸವಿದ್ದವರ ಪಾರಣೆಗೆ ಬಂಧುಗಳೆಲ್ಲ ನೆರೆಯುವರು. ಎಂಟು ದಿನ ಅರೆಹೊಟ್ಟೆ ಉಂಡವರನ್ನು ಕೇಳುವವರಿಲ್ಲ.

ಚನ್ನಗಿರಿಯ ಅಡಕೆ ಮಂಡಿಯಲ್ಲಿ ದಿನವಿಡೀ ಕುಳಿತು ಲೆಕ್ಕ ಬರೆಯುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬೇಕು. ದೇಹದ ತೂಕ 125 ಕಿಲೋ. ಮಧುಮೇಹವುಂಟು, ಮೊಣಕಾಲು ನೋವುಂಟು. ಜಠರವನ್ನು ಕಿರಿದು ಮಾಡುವ ಶಸ್ತ್ರಚಿಕಿತ್ಸೆಗೆ ನಗರದ ವೈದ್ಯರು ದಿನ ಗೊತ್ತುಮಾಡಿ, ಅದಕ್ಕೆ ಮುಂಚಿನ ಎರಡು ವಾರ ದಿನಕ್ಕೆ 800ರಿಂದ 1000 ಕ್ಯಾಲೊರಿಯಷ್ಟೇ ಆಹಾರವೆಂದು ಬರೆದುಕೊಟ್ಟಿರುವರು. ಅದೇ ಸಮಯಕ್ಕೆ ಕಾರ್ತಿಕದ ಅಷ್ಟಾಹ್ನಿಕ ಬಂದಿದೆ. ಹೇಗೂ ಮಿತವಾಗಿ ಉಣ್ಣಬೇಕೆಂದ ಮೇಲೆ ಎಂಟು ದಿನವೂ ಉಪವಾಸವೇ ಆಗಲಿ, ಪುಣ್ಯವೂ ಬಂತು ಕೊಬ್ಬೂ ಕರಗಿತು ಎಂದು ಅವನ ಎಣಿಕೆ. ಜಗಳೂರಿನ ಇನ್ನೊಂದು ಮನೆಯಲ್ಲಿ ಇದಕ್ಕೆ ತೀರ ವಿರುದ್ಧವಾದ ಎಣಿಕೆ ನಡೆದಿರಬಹುದು: ಮುಂದೆ ಹೊಟ್ಟೆತುಂಬ ಉಣ್ಣಲಾಗದು, ಈಗಲೇ ಹೋಳಿಗೆ ತುಪ್ಪ ಬಡಿಸಿರಿ ಎಂದು. ಇಬ್ಬರೂ ವೈದ್ಯರ ಮಾತಿನ ಕಾರಣವನ್ನು ತಿಳಿದವರಲ್ಲ.

ಯಕೃತ್ತಿನ ಎಡಪಾಲು ಜಠರದ ಮೇಲ್ಭಾಗವನ್ನು ಮುಚ್ಚಿಕೊಂಡಿರುತ್ತದೆ. ಸಣ್ಣ ರಂಧ್ರಗಳ ಮೂಲಕ ಕೆಲಸ ಮಾಡುವ ವೈದ್ಯನು ಅದನ್ನು ಎತ್ತಿ ಹಿಡಿದೇ ಜಠರವನ್ನು ಕಾಣಬೇಕು. ಸ್ಥೂಲಕಾಯರಲ್ಲಿ ಈ ಅಂಗವು ಮೇದಸ್ಸು ತುಂಬಿ ಊದಿ, ಭಾರವೂ ಪೆಡಸೂ ಆಗಿರುತ್ತದೆ. ಎತ್ತುವಾಗ ಹರಿದು ರಕ್ತ ಸುರಿಯಬಹುದು, ಕೆಲಸವನ್ನು ನಡುವೆಯೇ ನಿಲ್ಲಿಸಬೇಕಾಗಲೂಬಹುದು. ಅನ್ನ ಸಕ್ಕರೆಗಳನ್ನು ಇಳಿಸಿದಾಗ ಯಕೃತ್ತು ಮೊದಲು ತನ್ನಲ್ಲಿ ಕೂಡಿಟ್ಟ ಗ್ಲೈಕೊಜನ್ ಎಂಬ ಪಿಷ್ಟವನ್ನು ವೆಚ್ಚಮಾಡುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು 3 ಗ್ರಾಂ ನೀರನ್ನು ಹಿಡಿದಿರುವುದರಿಂದ ನೀರೂ ಇಳಿಯುತ್ತದೆ. ಅನಂತರ ಮೇದಸ್ಸು ಕರಗುತ್ತದೆ. ಎರಡು ವಾರಗಳಲ್ಲಿ ಅದರ ಗಾತ್ರ ಶೇಕಡಾ 5ರಿಂದ 20ರಷ್ಟು ಕುಗ್ಗುವುದುಂಟು. ಹೋಳಿಗೆ ಉಂಡವನು ಈ ಲಾಭವನ್ನು ಕಳೆದುಕೊಳ್ಳುತ್ತಾನೆ.

ಉಪವಾಸ ಮಾಡಿದವನದು ಬೇರೆ ಬಗೆಯ ಅಪಾಯ. ಪ್ರೋಟೀನು ದೊರೆಯದೆ ಮಾಂಸಖಂಡ ಸವೆಯುತ್ತದೆ, ಮುಂದೆ ಗಾಯ ಮಾಯುವುದು ತಡವಾಗುತ್ತದೆ. ಮಧುಮೇಹದ ಗುಳಿಗೆಯನ್ನೋ ಇನ್ಸುಲಿನ್ನನ್ನೋ ಎಂದಿನಂತೆ ತೆಗೆದುಕೊಂಡು ಉಣ್ಣದಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮಿತಾಹಾರದಲ್ಲಿಯೂ ಔಷಧದ ಪ್ರಮಾಣವನ್ನು ವೈದ್ಯರಿಂದ ತಿದ್ದಿಸಿಕೊಳ್ಳಲೇಬೇಕು.

ಹಾಗಾದರೆ ಈ ಎರಡು ವಾರದ ಮಿತಾಹಾರ ತಪವಾಗುವುದೆ? ಪುರುಷನ ಪೂರ್ಣಾಹಾರ 32 ಕವಳವೆಂದೂ ಅದಕ್ಕಿಂತ ಕಡಿಮೆ ಉಣ್ಣುವುದೇ ಅವಮೌದರ್ಯವೆಂದೂ ಮೂಲಾಚಾರದ ಮತ. ಆದರೆ ಕವಳದ ಎಣಿಕೆ ಒಂದರಿಂದಲೇ ನಿರ್ಜರೆಯಿಲ್ಲ. ಶಸ್ತ್ರಚಿಕಿತ್ಸೆಯ ಭಯದಿಂದ ಗೊಣಗುತ್ತ ಉಂಡದ್ದು ಪಥ್ಯ ಮಾತ್ರ. ಪಥ್ಯವೇನೂ ಪಾಪವಲ್ಲ, ಅದನ್ನು ತಪವೆಂದು ಹೇಳಿಕೊಳ್ಳಬಾರದಷ್ಟೆ. ಇಚ್ಛೆಯನ್ನು ಅರಿತು ತಡೆದರೆ ಮಾತು ಬೇರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅವಮೌದರ್ಯದ ಪ್ರಯೋಜನಗಳನ್ನು ಎಣಿಸುವಾಗ ಸಂಯಮ ಸಂತೋಷ ಸ್ವಾಧ್ಯಾಯಗಳ ಜೊತೆಗೆ ದೋಷಪ್ರಶಮನವನ್ನೂ ಸೇರಿಸಿರುವರು. ದೇಹದ ದೋಷ ಶಮನವಾಗುವುದನ್ನು ಆಚಾರ್ಯರು ಅಲ್ಲಗಳೆದಿಲ್ಲ.

ಸಮಂತಭದ್ರರ ವೃತ್ತಾಂತವನ್ನು ಇಲ್ಲಿ ನೆನೆಯಬೇಕು. ಎಷ್ಟುಂಡರೂ ತೀರದ ಭಸ್ಮಕವ್ಯಾಧಿ ತಗುಲಿದಾಗ ಅವರು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರೆಂದೂ, ಗುರುಗಳು ಒಪ್ಪದೆ, ಮೊದಲು ವ್ಯಾಧಿಯನ್ನು ಕಳೆದುಕೊಂಡು ಮರಳಿ ದೀಕ್ಷೆ ಪಡೆಯೆಂದರೆಂದೂ ಪರಂಪರೆಯ ಕಥೆ. ಮುನಿಗೇ ಹೀಗಿರುವಾಗ ಮಂಡಿಯ ಲೆಕ್ಕಿಗನು ಚಿಕಿತ್ಸೆಗೆ ನಾಚಬೇಕಾದುದಿಲ್ಲ. ಅದೇ ಸಮಂತಭದ್ರರು ರತ್ನಕರಂಡಕದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವಾವಧಿಯದನ್ನು ಯಮವೆಂದೂ ವಿಂಗಡಿಸಿರುವರು. ಶಸ್ತ್ರಚಿಕಿತ್ಸೆಗೆ ಮುಂಚಿನ ಹದಿನಾಲ್ಕು ದಿನ ನಿಯಮ. ಆಮೇಲಿನ ಸಣ್ಣ ತುತ್ತು ಯಮವೆಂದೇ ತಿಳಿಯಬೇಕು, ಕಿರಿದಾದ ಜಠರಕ್ಕೆ ಬೇರೆ ದಾರಿಯಿಲ್ಲ.

ಪಟ್ಟಿಯನ್ನು ಆಚಾರಕ್ಕೆ ಹೊಂದಿಸುವುದು ಕಷ್ಟವೇನಲ್ಲ. ಆಲೂಗಡ್ಡೆ ಗೆಣಸು ಮೊದಲೇ ವರ್ಜ್ಯ. ಮೊಟ್ಟೆಯ ಬದಲು ಹೆಸರುಬೇಳೆ, ಸೋಯಾ, ಕೆನೆ ತೆಗೆದ ಹಾಲು, ಮೊಸರು. ಡಬ್ಬಿಯ ಪುಡಿಯಾದರೆ ಅದರ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು. ಗುಳಿಗೆಯ ಹೊರಕವಚ ಎಷ್ಟೋ ವೇಳೆ ಪ್ರಾಣಿಜನ್ಯ ಜೆಲಟಿನ್ನಿನದು. ಸಂಜೆಯ ಪಾಲನ್ನು ಸೂರ್ಯಾಸ್ತಕ್ಕೆ ಮೊದಲೇ ಮುಗಿಸಲು ವೈದ್ಯರ ಅಡ್ಡಿಯಿರದು, ಕೇಳಿದರೆ ಸಮಯವನ್ನು ಹೊಂದಿಸಿಕೊಡುವರು.

ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ದಶಲಕ್ಷಣ ಪರ್ವ ಬಂದರೆ ನಿರ್ಜಲ ಉಪವಾಸ ಸಲ್ಲದು. ಆಗ ರಸಪರಿತ್ಯಾಗವನ್ನು ಹಿಡಿಯಬಹುದು. ಅಲ್ಲಿಯೂ ತುಪ್ಪ, ಎಣ್ಣೆ, ಸಕ್ಕರೆಗಳನ್ನು ಬಿಡಲಿ. ಹಾಲು ಮೊಸರುಗಳನ್ನು ಆ ವರ್ಷದ ಮಟ್ಟಿಗೆ ಬಿಡುವುದು ಬೇಡ.