ಸ್ನೇಹದ ಲೆಕ್ಕ

ಸ್ನೇಹಕ್ಕೆಂದು ಒಂದು ದಿನವನ್ನು ಗೊತ್ತುಮಾಡಿ ಆಚರಿಸಬೇಕೆ? ನಿಜವಾದ ಗೆಳೆತನಕ್ಕೆ ಪಂಚಾಂಗವೇಕೆ ಎಂದು ಬಹಳ ಕಾಲ ನಾನೂ ಕೇಳುತ್ತಿದ್ದೆ. ಆಗಸ್ಟ್ ತಿಂಗಳ ಮೊದಲ ಭಾನುವಾರ ಮಕ್ಕಳು ಕೈಗೆ ಬಣ್ಣದ ಪಟ್ಟಿ ಕಟ್ಟಿಕೊಂಡು ಬಂದರೆ, ಇದು ಅಂಗಡಿಯವರು ಹೂಡಿದ ಹಬ್ಬವೆಂದು ಗೊಣಗುತ್ತಿದ್ದೆ. ಆ ಗೊಣಗಾಟ ನಿಂತದ್ದು ಪರದೇಶದಲ್ಲಿ.

ಕಚೇರಿಯ ಕೆಲಸದ ಮೇಲೆ 2017ರ ಕೊನೆಯಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ಗೆ ಹೋದೆ. ಮೂರು ವರ್ಷ ಅಲ್ಲಿದ್ದೆ. ಅಲ್ಲಿ ಜುಲೈ 20 ಗೆಳೆಯರ ದಿನ. 1969ರಲ್ಲಿ ಅದೇ ದಿನ ಮನುಷ್ಯ ಚಂದ್ರನ ಮೇಲೆ ಇಳಿದದ್ದು. ಆಗ ಲೋಕದ ಜನರೆಲ್ಲ ಒಂದು ಗಳಿಗೆ ಭೇದ ಮರೆತರೆಂದು ಭಾವಿಸಿದ ಎನ್ರಿಕೆ ಫೆಬ್ರಾರೊ ಎಂಬ ದಂತವೈದ್ಯರು, ಆ ದಿನವನ್ನು ಸ್ನೇಹಕ್ಕೆ ಮೀಸಲಿಡಬೇಕೆಂದು ದೇಶದೇಶಗಳಿಗೆ ಪತ್ರ ಬರೆದರಂತೆ. ವಿಶ್ವಸಂಸ್ಥೆ 2011ರಲ್ಲಿ ಗೊತ್ತುಮಾಡಿದ ಸ್ನೇಹ ದಿನ ಬೇರೆ. ಅದು ಜುಲೈ 30. ಗುಮಾಸ್ತನಾದ ನಾನು ಮೊದಲು ವಿಚಾರಿಸಿದ್ದು ರಜೆ ಉಂಟೇ ಎಂದು. ರಜೆಯಿಲ್ಲ. ಆದರೂ ಅಂದು ಸಂಜೆ ಅಲ್ಲಿನ ಹೋಟೆಲುಗಳಲ್ಲಿ ಕೂರಲು ಜಾಗ ಸಿಗುವುದು ಕಷ್ಟ.

2018ರ ಆ ದಿನ ಶುಕ್ರವಾರ. ಅಲ್ಲಿ ಜುಲೈ ಎಂದರೆ ಚಳಿಗಾಲ. ಸ್ಥಳೀಯ ಸಹೋದ್ಯೋಗಿಯೊಬ್ಬರು ಮನೆಗೆ ಕರೆದಿದ್ದರು. ಊಟ ರಾತ್ರಿ ಹತ್ತಕ್ಕೆ; ಅದಕ್ಕೆ ಮೊದಲು ‘ಮಾಟೆ’. ಸೋರೆ ಬುರುಡೆಯಲ್ಲಿ ಒಂದು ಬಗೆಯ ಒಣ ಎಲೆಯ ಪುಡಿ ತುಂಬಿ, ಬಿಸಿನೀರು ಹೊಯ್ದು, ಲೋಹದ ಕೊಳವೆಯಿಂದ ಹೀರುವ ಪಾನೀಯ ಅದು. ಬುರುಡೆಯೂ ಒಂದೇ, ಕೊಳವೆಯೂ ಒಂದೇ. ಒಬ್ಬರು ಬರಿದುಮಾಡಿ ಹಿಂದಿರುಗಿಸಿದರೆ, ಹೊಯ್ಯುವವರು ಮತ್ತೆ ನೀರು ತುಂಬಿ ಮುಂದಿನವರಿಗೆ ಕೊಡುತ್ತಾರೆ. ಎಂಜಲು ಮುಸುರೆಯ ಕಟ್ಟುನಿಟ್ಟಿನಲ್ಲಿ ಬೆಳೆದ ಓದುಗರು ನನ್ನ ಸಂಕಟವನ್ನು ಊಹಿಸಿಕೊಳ್ಳಬಹುದು. ಧೈರ್ಯಮಾಡಿ ಕುಡಿದೆ. ಬುರುಡೆ ಹಿಂದಿರುಗಿಸುತ್ತ, ನನಗೆ ಬರುತ್ತಿದ್ದ ನಾಲ್ಕು ಸ್ಪ್ಯಾನಿಷ್ ಮಾತುಗಳಲ್ಲಿ ಒಂದನ್ನು ಹೇಳಿದೆ: ‘ಗ್ರಾಸಿಯಸ್’, ಅಂದರೆ ಧನ್ಯವಾದ. ಮುಂದಿನ ಸುತ್ತಿನಲ್ಲಿ ಬುರುಡೆ ನನ್ನನ್ನು ಬಿಟ್ಟು ಪಕ್ಕದವರಿಗೆ ಹೋಯಿತು! ಆಮೇಲೆ ತಿಳಿಯಿತು: ಮಾಟೆಯ ಸುತ್ತಿನಲ್ಲಿ ಧನ್ಯವಾದ ಎಂದರೆ ‘ನನಗಿನ್ನು ಸಾಕು’ ಎಂದೇ ಅರ್ಥ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಏನೋ ಚುಚ್ಚಿತು.

ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನವಾದರೂ ಊರಿನಿಂದ ಹಣ ಬಂದಿರಲಿಲ್ಲ. ಸೈಕಲ್ಲಿಗೆಂದು ಕೂಡಿಟ್ಟಿದ್ದ ನಾನೂರು ರೂಪಾಯಿಯನ್ನು ಗೆಳೆಯನೊಬ್ಬ ನನ್ನ ಕೈಗಿಟ್ಟ. ಭಾನುವಾರಗಳಂದು ನನಗೆ ಅವನ ಮನೆಯಲ್ಲೇ ಊಟ. ಅವನ ತಾಯಿಯೇ ಬಡಿಸುತ್ತಿದ್ದರು. ದೆಹಲಿಯಲ್ಲಿ ನೌಕರಿ ಸಿಕ್ಕಿತು. ಮೊದಲ ಸಂಬಳದಲ್ಲೇ ನಾನೂರು ರೂಪಾಯಿ ಮನಿಯಾರ್ಡರ್ ಮಾಡಿ, ಕೂಪನ್ನಿನಲ್ಲಿ ‘ಅನಂತ ಧನ್ಯವಾದಗಳು’ ಎಂದು ಬರೆದೆ. ಋಣ ತೀರಿಸಿದೆನೆಂಬ ಹೆಮ್ಮೆ. ಆಮೇಲೆ ನಾಲ್ಕಾರು ಪತ್ರಗಳು, ಒಂದು ಮದುವೆಯ ಕರೆಯೋಲೆ, ಅಷ್ಟೇ. ಅವನ ತಾಯಿ ತೀರಿಕೊಂಡ ಸುದ್ದಿ ನನಗೆ ಆರು ತಿಂಗಳು ತಡವಾಗಿ ತಿಳಿಯಿತು. ತಡವಾಯಿತಲ್ಲ ಎಂಬ ಸಂಕೋಚದಿಂದ ಮಾತನಾಡಲಿಲ್ಲ. ಸಂಕೋಚಕ್ಕೆ ವರ್ಷಗಳು ಸೇರಿದವು.

ಆ ರಾತ್ರಿ ಒಂಬತ್ತೂವರೆಗೆ ಬಾಲ್ಕನಿಗೆ ಹೋದೆ. ಊರಿನಲ್ಲಿ ಬೆಳಗಿನ ಆರು. ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿದ್ದ ಅವನ ಸಂಖ್ಯೆಗೆ ಕರೆಮಾಡಿದೆ.

“ಏನೋ ಮಾರಾಯ, ಇಷ್ಟು ಬೆಳಿಗ್ಗೆ? ಎಲ್ಲ ಕ್ಷೇಮ ತಾನೆ?” ಎಂದ. ಕಾರಣ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮ ಕೊನೆಕೊನೆಗೆ ನಿನ್ನನ್ನು ಕೇಳುತ್ತಿದ್ದಳು ಕಣೋ” ಎಂದ. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಚೇರಿಯಲ್ಲಿ ಬಿಲ್ಲು ಪಾವತಿಯಾದರೆ ಕಡತ ಮುಗಿಯುತ್ತದೆ. ನಾನು ಸ್ನೇಹವನ್ನೂ ಹಾಗೆಯೇ ಮುಗಿಸಿದ್ದೆ. ಹಣ ಹಿಂದಿರುಗಿಸಿದ್ದು ತಪ್ಪಲ್ಲ. ಸೈಕಲ್ಲು ಅವನಿಗೂ ಬೇಕಿತ್ತು. ನಾನು ಪಡೆದದ್ದು ಅಷ್ಟೇ ಎಂದುಕೊಂಡದ್ದು ತಪ್ಪು. ನಾನೂರು ರೂಪಾಯಿಗೆ ರಸೀದಿಯುಂಟು, ಭಾನುವಾರದ ಊಟಕ್ಕೆಲ್ಲಿ? ಅಂಥ ಋಣ ತೀರಿಸುವುದಕ್ಕಲ್ಲ, ನಡೆಸಿಕೊಂಡು ಹೋಗುವುದಕ್ಕೆ. ಬುರುಡೆ ನಮ್ಮ ಕೈಗೆ ಬಂದಾಗ ಕುಡಿಯಬೇಕು, ಹಿಂದಿರುಗಿಸಬೇಕು, ಮತ್ತೆ ಬರುವವರೆಗೆ ಅಲ್ಲೇ ಕುಳಿತಿರಬೇಕು.

ಊರು ಬಿಟ್ಟು ಬಂದ ನಾವು ದೂರದ ಮೇಲೆ ತಪ್ಪು ಹೊರಿಸುತ್ತೇವೆ. ದೂರ ಸ್ನೇಹವನ್ನು ಕೆಡಿಸುವುದಿಲ್ಲ, ಅದರ ನಡೆವಳಿಕೆಯನ್ನಷ್ಟೇ ನಿಲ್ಲಿಸುತ್ತದೆ; ಆದರೆ ಅಗಲಿಕೆ ದೀರ್ಘವಾದರೆ ಸ್ನೇಹವೂ ಮರೆತುಹೋಗುತ್ತದೆ ಎಂಬರ್ಥದ ಮಾತನ್ನು ಅರಿಸ್ಟಾಟಲ್ ಹೇಳಿದ್ದಾನೆ. ಆ ನಡೆವಳಿಕೆಯನ್ನು ಮತ್ತೆ ಶುರುಮಾಡಲು ಒಂದು ನೆಪ ಬೇಕು. ತವರಿನ ನಂಟಿಗೆ ಗೌರಿ ಹಬ್ಬವಿದೆ, ಅಣ್ಣತಂಗಿಯರಿಗೆ ನಾಗರ ಪಂಚಮಿ, ಗತಿಸಿದ ಹಿರಿಯರಿಗೆ ಪಿತೃಪಕ್ಷ. ಗೆಳೆಯನಿಗೆ? ಎಳ್ಳುಬೆಲ್ಲವೂ ಬನ್ನಿಯೂ ಇವೆ, ನಿಜ. ಆದರೆ ನಮ್ಮ ಎಳ್ಳುಬೆಲ್ಲ ಈಗ ಇದೇ ಕಟ್ಟಡದ ಮೂರನೆಯ ಮಹಡಿಯಾಚೆ ಹೋಗುವುದಿಲ್ಲ. ರಕ್ತಸಂಬಂಧ ತಪ್ಪಿದರೆ ಬಂಧುಗಳು ಆಡಿಕೊಳ್ಳುತ್ತಾರೆ. ಸ್ನೇಹ ತಪ್ಪಿದರೆ ಕೇಳುವವರೇ ಇಲ್ಲ. ಕೇಳುವವರಿಲ್ಲದ ಕರ್ತವ್ಯಕ್ಕೇ ಗೊತ್ತಾದ ದಿನ ಹೆಚ್ಚು ಬೇಕು.

ಅಂಗಡಿಯವರು ಲಾಭ ಮಾಡಿಕೊಳ್ಳಲಿ ಬಿಡಿ, ದೀಪಾವಳಿಯಲ್ಲೂ ಮಾಡಿಕೊಳ್ಳುತ್ತಾರೆ. ದೆಹಲಿಗೆ ಮರಳಿದ ಮೇಲೂ ನಾನು ಜುಲೈ 20ನ್ನು ಬಿಟ್ಟಿಲ್ಲ. ಶಿವಮೊಗ್ಗಕ್ಕೆ ಹೋದಾಗ ಗೆಳೆಯನ ಮನೆಯಲ್ಲಿ ಉಂಡು, ಅವನ ತಾಯಿಯ ಪಟಕ್ಕೆ ಕೈಮುಗಿದು ಬಂದೆ. ಧನ್ಯವಾದ ಮಾತ್ರ ಹೇಳಲಿಲ್ಲ.