ನಾಲ್ಕನೇ ತರಗತಿಯಲ್ಲಿ ತೆಗೆದಿಟ್ಟ ಏಣಿ

ಉಳ್ಳಾಲದಲ್ಲಿ ಮೀನು ಮಾರುವ ತಾಯಿ ಕಿಲೋಗೆ 240 ರೂಪಾಯಿಯ ಬಂಗುಡೆಯನ್ನು ಮುಕ್ಕಾಲು ಕಿಲೋ ತೂಗಿ, 180 ಎಂದು ಥಟ್ಟನೆ ಹೇಳಬಲ್ಲಳು. ಅದೇ ಮುಕ್ಕಾಲು ಪುಸ್ತಕದಲ್ಲಿ ಭಿನ್ನರಾಶಿಯಾಗಿ ಬಂದರೆ ಅವಳ ಮಗಳು ಬೆದರುತ್ತಾಳೆ. ಹಾಗಾದರೆ ಶಾಲೆಯ ಗಣಿತ ಬೇಡವೇ? ಬೇಕು. ದೋಣಿಯ ಸಾಲಕ್ಕೆ ಬಿದ್ದ ಚಕ್ರಬಡ್ಡಿಯನ್ನು ಪ್ರಶ್ನಿಸಲು ಬಾಯಿಲೆಕ್ಕ ಸಾಲದು. ಆದರೆ ಅದನ್ನು ಯಾರ ವೇಗದಲ್ಲಿ ಕಲಿಸಬೇಕು?

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಇದಕ್ಕೊಂದು ಉತ್ತರ ಕೊಟ್ಟಿತು. ಸರ್ಕಾರಿ ಶಾಲೆಯ ಮೊದಲ ಮೂರು ತರಗತಿಗಳಲ್ಲಿ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಹತ್ತುತ್ತದೆ; ಗೈರಾದರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಾಲ್ಕನೆಯದರಲ್ಲಿ ಆ ಏಣಿ ಇಲ್ಲ. ಪಾಠ ಕ್ಯಾಲೆಂಡರಿನ ಜೊತೆ ಓಡುತ್ತದೆ. ಭಿನ್ನರಾಶಿ ಹಿಡಿಯದವಳು ಬೀಜಗಣಿತಕ್ಕೆ, ಅಲ್ಲಿಂದ ತ್ರಿಕೋನಮಿತಿಗೆ ಸಾಗುತ್ತಾಳೆ. ಕೊನೆಗೆ ಎಸ್ಸೆಸ್ಸೆಲ್ಸಿ ಅಂಕವನ್ನೇ ಅವಳ ಯೋಗ್ಯತೆ ಎನ್ನುತ್ತೇವೆ.

ಒಬ್ಬಳಿಗಾಗಿ ಇಡೀ ತರಗತಿ ಕಾಯಬೇಕೇ ಎಂಬ ಆಕ್ಷೇಪ ಸಹಜ. ಆದರೆ ಏಣಿ ಯಾರನ್ನೂ ಕಾಯಿಸುವುದಿಲ್ಲ. ಮುಂದಿರುವವರು ಮುಂದೆಯೇ ಹೋಗುತ್ತಾರೆ. ಅದಕ್ಕೆ ಬೇಕಾದ್ದು ಹೆಚ್ಚು ಶಿಕ್ಷಕರು, ಹೆಚ್ಚು ಸಮಯ. ಆ ಖರ್ಚು ನಮಗೆ ಬೇಡ.

ಸಿಬಿಎಸ್‌ಇ 2020ರಲ್ಲಿ ಹತ್ತನೇ ತರಗತಿಗೆ ‘ಬೇಸಿಕ್’, ‘ಸ್ಟ್ಯಾಂಡರ್ಡ್’ ಎಂಬ ಎರಡು ಗಣಿತ ಪ್ರಶ್ನೆಪತ್ರಿಕೆ ತಂದಿತು. ಪಠ್ಯ ಒಂದೇ, ಪರೀಕ್ಷೆ ಎರಡು. ಅದರಲ್ಲಿ ಭಯ ತಗ್ಗಿಸುವ ದಯೆಯಿದೆ. ಆದರೆ ಹತ್ತನೆಯದರಲ್ಲಿ ದಯೆ ತೋರುವವರು ನಾಲ್ಕನೆಯದರಲ್ಲೇ ಋಣ ತೀರಿಸಬೇಕಿತ್ತು. ಕಲಿಸದೆ ಬಿಟ್ಟದ್ದನ್ನು ಮಗುವಿನ ಆಯ್ಕೆ ಎಂದು ಕರೆಯುವುದು ನ್ಯಾಯವಲ್ಲ.

ಮುಕ್ಕಾಲು ಎಂದರೇನೆಂದು ಆ ಹುಡುಗಿಗೆ ಮನೆಯಲ್ಲೇ ಗೊತ್ತಿತ್ತು. ಅಲ್ಲಿಂದ ಪುಸ್ತಕಕ್ಕೆ ಒಂದು ಮೆಟ್ಟಿಲು ಹಾಕುವುದಷ್ಟೇ ನಮ್ಮ ಕೆಲಸವಾಗಿತ್ತು.